ಕಹಳೆ ಮೊಳಗಿದ ಮೇಲೆ ಕಥೆ

ಚಿತ್ರಮಂದಿರದ ದೀಪ ಆರುತ್ತದೆ. ಮೊದಲು ಡ್ರಮ್ಮಿನ ಸದ್ದು, ಅದರ ಬೆನ್ನಿಗೇ ಕಹಳೆ. ಆಕಾಶ ತಡಕುವ ಬೆಳಕಿನ ಕೋಲುಗಳ ನಡುವೆ ಚಿನ್ನದ ಬಣ್ಣದ ಭಾರೀ ಅಕ್ಷರಗಳು. ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ಲಾಂಛನ ಬಂತೆಂದರೆ ಪ್ರೇಕ್ಷಕರು ನೆಟ್ಟಗೆ ಕೂರುತ್ತಿದ್ದರು.

ಕಲ್ಲಿನ ಕಟ್ಟಡದಂತೆ ಕಾಣುವ ಈ ದೃಶ್ಯ ಹುಟ್ಟಿದ್ದು ಗಾಜಿನ ಮೇಲೆ. 1933ರಲ್ಲಿ ಕಲಾವಿದ ಎಮಿಲ್ ಕೋಸಾ ಜೂನಿಯರ್ ಗಾಜಿನ ಹಲವು ಪದರಗಳ ಮೇಲೆ ಅದನ್ನು ಚಿತ್ರಿಸಿದರು. ಒಂದೊಂದೇ ಫ್ರೇಮ್ ಸೆರೆಹಿಡಿದು ಚಲನೆ ಮೂಡಿಸಲಾಯಿತು. ಕಂಪ್ಯೂಟರ್ ಇಲ್ಲದ ಕಾಲದ ಆ ತಾಳ್ಮೆಗೆ ತಲೆಬಾಗಲೇಬೇಕು. ಕಹಳೆಯ ಸಂಗೀತ ಆಲ್ಫ್ರೆಡ್ ನ್ಯೂಮನ್ ಅವರದು. 1935ರಲ್ಲಿ ಟ್ವೆಂಟಿಯತ್ ಸೆಂಚುರಿ ಪಿಕ್ಚರ್ಸ್ ಮತ್ತು ಫಾಕ್ಸ್ ಫಿಲ್ಮ್ ಒಂದಾದವು. ಹೆಸರು ಬದಲಾಯಿತು, ಕಹಳೆ ಉಳಿಯಿತು. 1950ರ ದಶಕದಲ್ಲಿ ಅಗಲ ಪರದೆಯ ಸಿನಿಮಾಸ್ಕೋಪ್ ಬಂದಾಗ ನ್ಯೂಮನ್ ಸಂಗೀತವನ್ನೂ ಉದ್ದ ಮಾಡಿದರು.

ಮುಂದೆ ಈ ಕಹಳೆಯ ಬಳಕೆ ವಿರಳವಾಯಿತು. ಮತ್ತೆ ಜೀವ ಕೊಟ್ಟವರು ನಿರ್ದೇಶಕ ಜಾರ್ಜ್ ಲ್ಯೂಕಾಸ್. 1977ರ ‘ಸ್ಟಾರ್ ವಾರ್ಸ್’ಗೆ ಆ ಕಹಳೆಯೇ ಬೇಕೆಂದು ಪಟ್ಟು ಹಿಡಿದರು. ಜಾನ್ ವಿಲಿಯಮ್ಸ್ ಚಿತ್ರದ ಆರಂಭ ಸಂಗೀತವನ್ನು ಅದೇ ಶ್ರುತಿಯಲ್ಲಿ ಕಟ್ಟಿದರು. ಎಂಥ ಸೂಕ್ಷ್ಮ ಕಿವಿ! ಲಾಂಛನದ ನಾದ ಕಥೆಯೊಳಗೇ ಹರಿದುಬಂದಂತಾಯಿತು.

1994ರಲ್ಲಿ ಇಡೀ ದೃಶ್ಯವನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ರೂಪಿಸಲಾಯಿತು. 2020ರಲ್ಲಿ ಸಂಸ್ಥೆಯ ಹೊಸ ಒಡೆಯ ಡಿಸ್ನಿ ಹೆಸರಿನಿಂದ ‘ಫಾಕ್ಸ್’ ಪದ ಕೈಬಿಟ್ಟು ‘ಸ್ಟುಡಿಯೋಸ್’ ಎಂದು ಸೇರಿಸಿತು. ಬೆಳಕಿನ ಕೋಲುಗಳು, ನ್ಯೂಮನ್ನರ ಕಹಳೆ ಮಾತ್ರ ಹಾಗೆಯೇ ಇವೆ.