ಜತ್ತದ ಖಾನಾವಳಿ ಊಟ: ಒಂದು ರೊಟ್ಟಿಯ ಲೆಕ್ಕ



ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ, ತಾಲೂಕು ಕಚೇರಿಯ ಕೆಲಸಕ್ಕೆ, ಇಲ್ಲವೇ ಸಂಘದ ಸಭೆಗೆ ಎಂದು ವಿಜಯಪುರ, ಅಥಣಿ, ಸೊಲ್ಲಾಪುರ, ಅಕ್ಕಲಕೋಟ ಕಡೆಯಿಂದ ಬರುವ ಸದಸ್ಯರು ಫೋನ್ ಮಾಡಿ ಮೊದಲು ಕೇಳುವುದು ಒಂದೇ ಮಾತು: "ಜತ್ತದಾಗ ಊಟ ಎಲ್ಲಿ ಛಲೋ ಸಿಗತೈತ್ರಿ?" ಒಂದು ಖಾನಾವಳಿಯ ಹೆಸರು ಹೇಳಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಅದಕ್ಕಾಗಿ ಹೆಸರುಗಳನ್ನು ಬಿಟ್ಟು, ಖಾನಾವಳಿ ಹೇಗೆ ನಡೆಯುತ್ತದೆ, ಅಲ್ಲಿ ಉಣ್ಣುವ ಕ್ರಮವೇನು, ಅದು ಉಳಿಯಬೇಕಾದರೆ ನಾವು ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕುಣಿಕೋಣೂರ, ಉಮದಿ, ಸಂಖ ಕಡೆಯವರಿಗೆ ಇದರಲ್ಲಿ ಬಹಳಷ್ಟು ಗೊತ್ತಿದ್ದದ್ದೇ. ಆದರೂ ಕೊನೆಯ ತನಕ ಓದಬೇಕೆಂದು ವಿನಂತಿ.

ಹೋಟೆಲ್ ಬೇರೆ, ಖಾನಾವಳಿ ಬೇರೆ. ಹೋಟೆಲಿನಲ್ಲಿ ಚಹಾ, ನಾಷ್ಟಾ ನಡೆಯುತ್ತದೆ. ಖಾನಾವಳಿ ಎಂದರೆ ಊಟ. ಮರಾಠಿಯವರು ಇದನ್ನೇ ಖಾಣಾವಳ ಎನ್ನುತ್ತಾರೆ. 1942ರಲ್ಲಿ ಎ. ರಾಮ ನಾಯಕರು ಮುಂಬಯಿಯ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಅಂಥವರಿಂದ ಕರಾವಳಿಯ ಊಟಕ್ಕೆ ದೇಶದಲ್ಲೆಲ್ಲ ಹೆಸರು ಬಂತು. ಬಯಲುಸೀಮೆಯ ಖಾನಾವಳಿಗೆ ಅಷ್ಟು ಹೆಸರಿಲ್ಲ. ಮುಂಬಯಿಯಲ್ಲಿಯೂ ಗಿರಣಿ ಕಾರ್ಮಿಕರಿಗೆ ಊಟ ಹಾಕಿದವರು ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದ ಹೆಣ್ಣುಮಕ್ಕಳು. ಸಾಲದ ಬಡ್ಡಿಯಲ್ಲಿ ಸಿಕ್ಕಿಬಿದ್ದಿದ್ದ ಅವರನ್ನು ಒಟ್ಟುಗೂಡಿಸಿ ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ಬ್ಯಾಂಕಿನ ಸಾಲ ಸಿಗುವಂತೆ ಮಾಡಿದರು. ಅಲ್ಲಿ ಇಲ್ಲಿ ಎಲ್ಲಿಯೇ ಆಗಲಿ, ಖಾನಾವಳಿ ನಿಂತಿರುವುದು ಒಳಗೆ ಒಲೆಯ ಮುಂದೆ ಕುಳಿತವರ ಮೇಲೆ.

ನಮ್ಮ ಕಡೆಯ ಖಾನಾವಳಿ ಸಾಮಾನ್ಯವಾಗಿ ಒಂದು ಮನೆತನದ ಉದ್ಯೋಗ. ಮುಂದೆ ನಾಲ್ಕಾರು ಟೇಬಲ್, ಹಿಂದೆ ಅಡಿಗೆ. ಯಜಮಾನ ಗಲ್ಲೆಯ ಮೇಲೆ, ಮಗ ಬಡಿಸಲಿಕ್ಕೆ, ಅತ್ತೆ-ಸೊಸೆ ಹಂಚಿನ ಮುಂದೆ. ಗಿರಾಕಿಗಳಲ್ಲಿ ಎರಡು ಬಗೆ. ಸಂತೆಗೆ, ಕಚೇರಿಗೆ, ದವಾಖಾನೆಗೆ ಬಂದು ಒಂದು ಹೊತ್ತು ಉಂಡು ಹೋಗುವವರು ಒಂದು ಬಗೆ. ತಿಂಗಳ ಊಟದವರು ಇನ್ನೊಂದು: ಕಾಲೇಜಿನ ಹುಡುಗರು, ಬೇರೆ ಊರಿನಿಂದ ಬಂದ ಶಿಕ್ಷಕರು, ಬ್ಯಾಂಕಿನವರು, ಕಾರಕೂನರು. ಇವರು ಮೊದಲೇ ರೊಕ್ಕ ಕಟ್ಟುತ್ತಾರೆ. ಆ ರೊಕ್ಕದಲ್ಲಿ ಜೋಳ, ಬೇಳೆ, ಎಣ್ಣೆ ಬರುತ್ತವೆ. ಸಂತೆಯ ಗಿರಾಕಿಯಿಂದ ಗಲ್ಲೆ ತುಂಬಿದಂತೆ ಕಂಡರೂ, ಮಳೆ ಬಂದ ದಿನವೂ ಒಲೆ ಹೊತ್ತುವುದು ತಿಂಗಳ ಊಟದವರಿಂದ. ನೌಕರಿಯ ದಿನಗಳಲ್ಲಿ ನಾನೂ ವರ್ಷಗಟ್ಟಲೆ ತಿಂಗಳ ಊಟದವನೇ ಆಗಿದ್ದೆ.

ಕುಳಿತ ಕೂಡಲೇ ತಾಟು ಬರುತ್ತದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಇಲ್ಲವೇ ಝುಣಕ, ಒಂದು ಕಾಳುಪಲ್ಯ, ಶೇಂಗಾ ಹಿಂಡಿ ಇಲ್ಲವೇ ಅಗಸಿ ಹಿಂಡಿ, ಕೆಂಪು ಖಾರ, ಮೊಸರು, ಹಸಿ ಉಳ್ಳಾಗಡ್ಡಿ. ಆಮೇಲೆ ಅನ್ನ, ಸಾರು, ಮಜ್ಜಿಗೆ. ಪಲ್ಯ ಯಾವುದೆಂದು ಆರಿಸುವ ಪಟ್ಟಿ ಬಹಳ ಕಡೆ ಇರುವುದಿಲ್ಲ. ಆ ದಿನ ಮನೆಯವರು ಏನು ಮಾಡಿರುತ್ತಾರೋ ಅದೇ ನಿಮ್ಮ ತಾಟಿಗೆ ಬರುತ್ತದೆ. ಖಾರ ತಡೆಯದವರು ಹಿಂಡಿಯ ಮೇಲೆ ಮೊಸರು ಹಾಕಿಕೊಂಡು ಕಲಸಿಕೊಳ್ಳಬೇಕು. ರೊಟ್ಟಿ ಬಿಸಿಯಾಗಿರುವಾಗಲೇ ಉಣ್ಣಬೇಕು. ಮೊಬೈಲ್ ನೋಡುತ್ತ ಕುಳಿತರೆ ಅದು ಬಿರುಸಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇತ್ತೀಚೆಗೆ ಕೆಲವು ಖಾನಾವಳಿಗಳಲ್ಲಿ "ತಾಟಿಗೆ ಇಷ್ಟೇ ರೊಟ್ಟಿ, ಮೇಲಿನದಕ್ಕೆ ಬೇರೆ ರೊಕ್ಕ" ಎನ್ನುತ್ತಾರೆ. ಕೆಲವು ಕಡೆ "ಚಪಾತಿ ಐತ್ರಿ, ರೊಟ್ಟಿ ಮುಗದೈತಿ" ಎಂಬ ಉತ್ತರ. ಇದಕ್ಕೆ ನಮ್ಮ ಸದಸ್ಯರೇ ಸಿಟ್ಟಾಗಿ ಬರುವುದನ್ನು ಕೇಳಿದ್ದೇನೆ. ಇದರ ಕಾರಣ ತಿಳಿದುಕೊಳ್ಳಬೇಕು.

ಗೋದಿ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ. ನಾದಿ ಇಟ್ಟರೆ ಕಣಕ ತಾಸುಗಟ್ಟಲೆ ನಿಲ್ಲುತ್ತದೆ, ಲಟ್ಟಣಿಗೆಯಿಂದ ಯಾರು ಬೇಕಾದರೂ ಲಟ್ಟಿಸಬಹುದು. ಜೋಳದಲ್ಲಿ ಆ ಅಂಟು ಇಲ್ಲ. ಹಿಟ್ಟಿಗೆ ಕುದಿಯುವ ನೀರು ಹಾಕಿದಾಗ ಅದರ ಪಿಷ್ಟ ಸ್ವಲ್ಪ ಬೆಂದು ಜಿಗಿ ಬರುತ್ತದೆ. ಆ ಜಿಗಿ ಇರುವಾಗಲೇ ನಾದಿ, ಬಡಿದು, ಹಂಚಿಗೆ ಹಾಕಬೇಕು. ಬೀಸಿ ಬಹಳ ದಿನವಾದ ಹಿಟ್ಟಾದರೆ ಜಿಗಿಯೇ ಬರುವುದಿಲ್ಲ, ಅಂಚು ಸೀಳುತ್ತದೆ. ಹಂಚಿಗೆ ಹಾಕಿದ ಮೇಲೆ ಮೇಲ್ಭಾಗಕ್ಕೆ ನೀರು ಸವರಿ, ಆರುವ ಹೊತ್ತು ನೋಡಿ ತಿರುವಿ, ಉಬ್ಬಿಸಬೇಕು. ಮೊದಲೇ ಮಾಡಿ ಇಡಲಿಕ್ಕೆ ಬರುವುದಿಲ್ಲ; ಇಟ್ಟರೆ ಅದು ಬಿಸಿ ರೊಟ್ಟಿಯಲ್ಲ.

ಒಂದು ಅಂದಾಜು ಲೆಕ್ಕ ಹಾಕೋಣ. ಒಂದು ರೊಟ್ಟಿಗೆ ಎರಡು ನಿಮಿಷ ಹಿಡಿಯಿರಿ. ತಾಸಿಗೆ 30 ರೊಟ್ಟಿ. ಒಬ್ಬ ಗಿರಾಕಿ ಮೂರು ಉಂಡರೆ ತಾಸಿಗೆ 10 ಜನ. ಮಧ್ಯಾಹ್ನ 12ರಿಂದ 3ರ ತನಕ ಒಂದು ಹಂಚು, ಒಬ್ಬ ಹೆಣ್ಣುಮಗಳು ದಣಿವಿಲ್ಲದೆ ದುಡಿದರೆ 30 ಜನರ ಊಟ. ಮೂವತ್ತೊಂದನೆಯವನು ಬಂದರೆ ಇನ್ನೊಂದು ಹಂಚು, ಇನ್ನೊಬ್ಬರ ಕೈ ಬೇಕು. ಪಲ್ಯವನ್ನು ದೊಡ್ಡ ಪಾತ್ರೆಯಲ್ಲಿ ಮಾಡಿ ಬೆಳೆಸಬಹುದು, ಅನ್ನವನ್ನು ಬೆಳೆಸಬಹುದು. ರೊಟ್ಟಿಯನ್ನು ಮಾತ್ರ ಒಂದೊಂದಾಗಿಯೇ ಬಡಿಯಬೇಕು. ಒಲೆಯ ಖರ್ಚೂ ಇದೆ. ಮನೆಯ ಗ್ಯಾಸ್ ಸಿಲಿಂಡರ್ 14.2 ಕೆ.ಜಿ.ಯದು, ಖಾನಾವಳಿಯವರು 19 ಕೆ.ಜಿ.ಯ ವ್ಯಾಪಾರಿ ಸಿಲಿಂಡರನ್ನೇ ತರಬೇಕು, ಅದಕ್ಕೆ ಸಬ್ಸಿಡಿ ಇಲ್ಲ.

ಸರ್ಕಾರಗಳೂ ಈ ಊಟಕ್ಕೆ ಕೈಹಾಕಿವೆ. ಮಹಾರಾಷ್ಟ್ರದಲ್ಲಿ 1995ರಲ್ಲಿ ಬಂದ ಸರ್ಕಾರ ಒಂದು ರೂಪಾಯಿಗೆ ಝುಣಕಾ-ಭಾಕರ ಕೊಡುವ ಯೋಜನೆ ತಂದಿತು. ಅದು ಬಹಳ ವರ್ಷ ಬಾಳಲಿಲ್ಲ. 2020ರ ಜನವರಿ 26ರಂದು ಆರಂಭವಾದ ಶಿವಭೋಜನ ಥಾಳಿ ಹತ್ತು ರೂಪಾಯಿಯದು. ಅದರಲ್ಲಿ ಗೊತ್ತುಮಾಡಿದ್ದು ಎರಡು ಚಪಾತಿ, ಪಲ್ಯ, ಅನ್ನ, ಬೇಳೆ. ಭಾಕರಿ ಇಲ್ಲ. ಹೆಚ್ಚು ಜನಕ್ಕೆ ಅಗ್ಗವಾಗಿ ಉಣಿಸಬೇಕೆಂದಾಗ ಚಪಾತಿಯೇ ಸುಲಭ ಎಂದು ಮೇಲಿನ ಲೆಕ್ಕವೂ ಹೇಳುತ್ತದೆ. ಖಾನಾವಳಿಯವರೂ ಅದೇ ದಾರಿ ಹಿಡಿದರೆ ಅವರನ್ನು ದೂರುವಂತಿಲ್ಲ.

ಹಾಗೆಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ನಮ್ಮ ಸುತ್ತಲಿನ ಹೊಲಗಳ ಹಿಂಗಾರಿ ಜೋಳ ಸಾಮಾನ್ಯವಾದದ್ದಲ್ಲ. ಪಕ್ಕದ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು, ಜೋಳವೂ ಅದರಲ್ಲಿ ಸೇರಿತ್ತು. ಭಾಷಣ ಬಹಳ ಆದವು. ಆದರೆ ಜೋಳ ಬೆಳೆದರೆ ಸಾಲದು, ಅದನ್ನು ಬಡಿಯುವವರು ಬೇಕು. ಕೈ ಸುಟ್ಟುಕೊಂಡು, ಸೊಂಟ ನೋಯಿಸಿಕೊಂಡು ಮಾಡುವ ಕೆಲಸಕ್ಕೆ ಕೂಲಿ ಕಡಿಮೆಯಾದರೆ ಮುಂದಿನ ಸೊಸೆ, ಮಗಳು ಹಂಚಿನ ಮುಂದೆ ಯಾಕೆ ಕೂರಬೇಕು? "ರೊಟ್ಟಿ ಅಗ್ಗವಾಗಿರಬೇಕು, ಎಷ್ಟು ಬೇಕೋ ಅಷ್ಟು ಹಾಕಬೇಕು" ಎಂಬ ನಮ್ಮ ಹಟದ ಬೆಲೆಯನ್ನು ಕೊಡುವವರು ಅವರು.

ಗುಡ್ಡಾಪುರದಲ್ಲಿ ದಾಸೋಹದ ಪ್ರಸಾದ ಉಂಡು ಬಂದವರು ಖಾನಾವಳಿಯಲ್ಲೂ ಅದೇ ಧಾರಾಳ ನಿರೀಕ್ಷಿಸುತ್ತಾರೆ. ದಾಸೋಹಕ್ಕೆ ಭಕ್ತರ ಜೋಳ ಬರುತ್ತದೆ. ಖಾನಾವಳಿಗೆ ಬರುವುದು ನಮ್ಮ ಬಿಲ್ ಒಂದೇ.

ಸಂಘದ ಕಡೆಯಿಂದ ಈ ವಿಷಯಕ್ಕೆ ಇನ್ನೊಂದು ಕಾರಣವಿದೆ. ಮಹಾರಾಷ್ಟ್ರದಲ್ಲಿ 2022ರ ತಿದ್ದುಪಡಿಯಿಂದ ಸಣ್ಣ ಅಂಗಡಿಗಳಿಗೂ ಮರಾಠಿ ಫಲಕ ಕಡ್ಡಾಯ. ಜೊತೆಗೆ ಬೇರೆ ಭಾಷೆ ಬರೆಯಬಹುದು, ಅಕ್ಷರ ಮರಾಠಿಗಿಂತ ದೊಡ್ಡದಿರಬಾರದು. ಗಡಿಯ ಆಚೆ ಕರ್ನಾಟಕದಲ್ಲಿ 2024ರ ತಿದ್ದುಪಡಿಯಂತೆ ಫಲಕದ ಶೇ. 60ರಷ್ಟು ಕನ್ನಡ ಇರಬೇಕು. ಫಲಕದ ಮಾತು ಕಾನೂನಿಗೆ ಬಿಟ್ಟದ್ದು. ಆದರೆ ಒಳಗೆ "ಅವ್ವಾ, ಇನ್ನೊಂದು ರೊಟ್ಟಿ ಬರಲಿ" ಎಂದರೆ "ತಂದೆ ತಡೀರಿ" ಎಂಬ ಉತ್ತರ ಬರುತ್ತದೆ. ಪಕ್ಕದ ಟೇಬಲಿನವರು "ಭಾಕರಿ ದ್ಯಾ" ಎಂದರೆ ಅದೇ ತಾಯಿ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಜಗಳವಿಲ್ಲದೆ ಎರಡೂ ಭಾಷೆ ಒಂದೇ ಒಲೆಯ ಸುತ್ತ ಬದುಕಿರುವ ಜಾಗ ಅದು. ಹಳ್ಳಿಯಿಂದ ಕಚೇರಿಗೆ ಬಂದ, ಮರಾಠಿ ಅರ್ಜಿ ಓದಲು ಬಾರದ ಮುದುಕನಿಗೆ ತಾಲೂಕಿನ ಊರಿನಲ್ಲಿ ತನ್ನ ಮಾತಿನಲ್ಲೇ ಕೇಳಿ ಉಣ್ಣುವ ಜಾಗವೊಂದು ಇರಬೇಕು. ಅದು ಮುಚ್ಚಿದರೆ ಯಾವ ಠರಾವಿನಿಂದಲೂ ತೆರೆಯಲಿಕ್ಕಾಗುವುದಿಲ್ಲ.

ಆದ್ದರಿಂದ ಸದಸ್ಯರಲ್ಲಿ ನಾಲ್ಕು ವಿನಂತಿ.

1. ಐದು ಜನಕ್ಕಿಂತ ಹೆಚ್ಚಾಗಿ ಬರುವವರು ಹಿಂದಿನ ದಿನವೇ ಖಾನಾವಳಿಗೆ ತಿಳಿಸಿರಿ. ಹಿಟ್ಟು ಬೀಸಲು, ಇನ್ನೊಬ್ಬರನ್ನು ಕರೆಯಲು ಅವರಿಗೆ ಸಮಯ ಸಿಗುತ್ತದೆ.

2. ಹೆಚ್ಚಿನ ರೊಟ್ಟಿಗೆ ಬೇರೆ ರೊಕ್ಕ ಕೇಳಿದರೆ ಚೌಕಾಶಿ ಮಾಡದೆ ಕೊಡಿರಿ. ತಾಟಿನಲ್ಲಿ ರೊಟ್ಟಿ ಬಿಡಬೇಡಿರಿ.

3. ಮಕ್ಕಳನ್ನು ಜತ್ತದಲ್ಲಿ ಓದಲಿಕ್ಕೆ ಇಟ್ಟವರು ತಿಂಗಳ ಊಟ ಹಚ್ಚಿಸಿ, ರೊಕ್ಕವನ್ನು ತಿಂಗಳ ಮೊದಲೇ ಕಟ್ಟಿರಿ.

4. ಸಂಘದ ಸಭೆಗಳ ಊಟವನ್ನು ಒಬ್ಬರಿಗೇ ಕೊಡದೆ ಸರದಿಯಂತೆ ಬೇರೆ ಬೇರೆ ಖಾನಾವಳಿಗೆ ಕೊಡಬೇಕು, ರೊಟ್ಟಿ ಬಡಿಯುವವರ ಕೂಲಿಯನ್ನು ಖರ್ಚಿನ ಪಟ್ಟಿಯಲ್ಲಿ ಬೇರೆ ಸಾಲಾಗಿ ತೋರಿಸಬೇಕು ಎಂದು ಮುಂದಿನ ಕಾರ್ಯಕಾರಿ ಸಭೆಯಲ್ಲಿ ಸೂಚನೆ ಮಂಡಿಸಲಿದ್ದೇನೆ. ಒಪ್ಪದವರು ತಮ್ಮ ಅಭಿಪ್ರಾಯವನ್ನು ಬರೆದು ಕಳಿಸಬಹುದು; ಸಭೆಯಲ್ಲಿ ಓದಿಸಲಾಗುವುದು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ