ನಿಮಗಿದು ಗೊತ್ತೇ? ಹಗುರಾದಷ್ಟೂ ಓಟ ಜೋರು!

ಏಕಸಂಬಿಯ ಎತ್ತಿನ ಗಾಡಿ ಶರ್ಯತ್ತು ನೋಡಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ: ಕಬ್ಬು ಹೇರುವ ಗಾಡಿ ಬೇರೆ, ಓಟದ ಗಾಡಿ ಬೇರೆ. ತೂಕ ಇಳಿಸಿದಷ್ಟೂ ಖಿಲಾರಿ ಜೋಡಿಯ ಓಟ ಜೋರು. ಅಮೆರಿಕದ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಕಟ್ಟಿದವರೂ ಇದೇ ಲೆಕ್ಕ ಹಾಕಿದ್ದರು.

● ಚೆವ್ರೊಲೆಟ್ ಕಾರ್ವೆಟ್ ಮೊದಲು ಜನರ ಕಣ್ಣಿಗೆ ಬಿದ್ದದ್ದು 1953ರ ಜನವರಿಯಲ್ಲಿ, ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ. ಆ ವರ್ಷ ತಯಾರಾದದ್ದು 300 ಕಾರು ಮಾತ್ರ. ಎಲ್ಲಕ್ಕೂ ಹೊರಗೆ ಬಿಳಿ, ಒಳಗೆ ಕೆಂಪು!

● ಅದರ ಮೈ ತಗಡಿನದಲ್ಲ, ಫೈಬರ್‌ಗ್ಲಾಸಿನದು. ತಗಡು ಒತ್ತುವ ದುಬಾರಿ ಅಚ್ಚುಗಳ ಖರ್ಚೂ ಉಳಿಯಿತು, ಮೈಗೆ ತುಕ್ಕು ಹಿಡಿಯುವ ಚಿಂತೆಯೂ ತಪ್ಪಿತು.

● ‘ಕಾರ್ವೆಟ್’ ಎಂದರೆ ಚಿಕ್ಕದಾದ, ಚುರುಕಾದ ಯುದ್ಧನೌಕೆ. ಈ ಹೆಸರು ಸೂಚಿಸಿದವರು ಕಂಪನಿಯಲ್ಲೇ ಇದ್ದ ಛಾಯಾಗ್ರಾಹಕ ಮೈರನ್ ಸ್ಕಾಟ್.

● 1955ರಲ್ಲಿ ಬಂದ ಚೆವ್ರೊಲೆಟ್‌ನ ಎಂಟು ಸಿಲಿಂಡರಿನ ಎಂಜಿನ್, ಅದೇ ಕಂಪನಿಯ ಆರು ಸಿಲಿಂಡರಿನದಕ್ಕಿಂತ ಹಗುರ! ಗುಟ್ಟು ಇರುವುದು ತೆಳು ಗೋಡೆಯ ಎರಕದಲ್ಲಿ. ಬೀಡುಕಬ್ಬಿಣವನ್ನು ಅಷ್ಟು ತೆಳುವಾಗಿ, ಬಿರುಕಿಲ್ಲದೆ ಎರೆಯುವುದು ಎಂಥ ಕಸುಬೆಂದು ಬೆಳಗಾವಿ, ಕೊಲ್ಹಾಪುರದ ಫೌಂಡ್ರಿಗಳಲ್ಲಿ ದುಡಿಯುವ ನಮ್ಮವರು ಬಲ್ಲರು. 2011ರ ಹೊತ್ತಿಗೆ ಈ ವಂಶದ ಎಂಜಿನ್‌ಗಳ ಸಂಖ್ಯೆ 10 ಕೋಟಿ ಮುಟ್ಟಿತು.

● 1963ರ ಕಾರ್ವೆಟ್ ಸ್ಟಿಂಗ್ ರೇ ಕಾರಿನ ಹಿಂಬದಿಯ ಗಾಜು ಬೈತಲೆ ತೆಗೆದಂತೆ ಎರಡು ಹೋಳು. ನಡುವಿನ ಪಟ್ಟಿ ಅಡ್ಡವಾಗಿ ಹಿಂದಿನ ದಾರಿ ಕಾಣದೆಂದು ಮರುವರ್ಷವೇ ಅದನ್ನು ತೆಗೆದರು. ಸಂಗ್ರಾಹಕರು ಇಂದು ಹುಡುಕಿಕೊಂಡು ಹೋಗುವುದು ಆ ಒಂದೇ ವರ್ಷದ ಕಾರನ್ನು!

● ಎಂಜಿನ್ ಚಾಲಕನ ಬೆನ್ನ ಹಿಂದಿರಬೇಕು ಎಂಬುದು ಕಾರ್ವೆಟ್ ಬೆಳೆಸಿದ ಎಂಜಿನಿಯರ್ ಝೋರಾ ಆರ್ಕಸ್ ಡಂಟೋವ್ ಅವರ ಆಸೆ. ಅವರು ತೀರಿಕೊಂಡದ್ದು 1996ರಲ್ಲಿ. ಆಸೆ ಕೈಗೂಡಿದ್ದು 2020ರ ಮಾದರಿಯಲ್ಲಿ.

● ಟೆಕ್ಸಾಸಿನ ಕ್ಯಾರೊಲ್ ಶೆಲ್ಬಿ ಕೋಳಿ ಸಾಕಿದವರು, ರೇಸು ಗೆದ್ದವರು. 1962ರಲ್ಲಿ ಬ್ರಿಟನ್ನಿನ ಹಗುರ ಕಾರಿಗೆ ಫೋರ್ಡ್‌ನ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿ ‘ಕೋಬ್ರಾ’ ಕಟ್ಟಿದರು. ಆಗ ಇದ್ದದ್ದು ಒಂದೇ ಕಾರು. ಪತ್ರಿಕೆಯವರು ಬಂದಾಗಲೆಲ್ಲ ಅದಕ್ಕೆ ಬೇರೆ ಬಣ್ಣ ಬಳಿದು, ಹಲವು ಕಾರುಗಳಿವೆ ಎಂದು ನಂಬಿಸಿದರು!

● ಫೋರ್ಡ್ ಜಿಟಿ40 ಹೆಸರಿನಲ್ಲಿರುವ 40, ಕಾರಿನ ಎತ್ತರ: 40 ಅಂಗುಲ. ನಮ್ಮ ಖಿಲಾರಿ ಎತ್ತಿನ ಹೆಗಲಿಗಿಂತ ತಗ್ಗು! 1966ರಲ್ಲಿ ಫ್ರಾನ್ಸಿನ ಲ್ ಮಾನ್‌ನ 24 ಗಂಟೆಗಳ ಓಟದಲ್ಲಿ ಮೊದಲ ಮೂರೂ ಸ್ಥಾನ ಇದರದೇ.

● ‘ಮಸ್ಟ್ಯಾಂಗ್’ ಎಂದರೆ ಅಮೆರಿಕದ ಬಯಲಿನ ಕಾಡುಕುದುರೆ. 1964ರ ಏಪ್ರಿಲ್ 17ರಂದು ಫೋರ್ಡ್ ಈ ಕಾರನ್ನು ಬಿಟ್ಟಾಗ ಮೊದಲ ದಿನವೇ 22,000 ಜನ ಬೇಕೆಂದು ಬರೆಸಿದರು. ಬೆಲೆ 2,368 ಡಾಲರಿನಿಂದ ಶುರು.

● 1965ರಲ್ಲಿ ಒಂದು ಮಸ್ಟ್ಯಾಂಗ್ ಎಂಪೈರ್ ಸ್ಟೇಟ್ ಕಟ್ಟಡದ 86ನೇ ಮಹಡಿ ಏರಿತ್ತು! ತುಂಡು ತುಂಡು ಮಾಡಿ ಲಿಫ್ಟಿನಲ್ಲಿ ಸಾಗಿಸಿ, ಮೇಲೆ ಮತ್ತೆ ಜೋಡಿಸಿದರು.

● ಬಲಕ್ಕೆ ಸ್ಟೇರಿಂಗ್ ಇರುವ ಮಸ್ಟ್ಯಾಂಗ್ ಭಾರತದ ಮಾರುಕಟ್ಟೆಗೆ ಬಂದದ್ದು 2016ರಲ್ಲಿ. ನಿಪ್ಪಾಣಿಯ ಹೆದ್ದಾರಿಯಲ್ಲಿ ಎಂದಾದರೂ ಒಂದು ಎದುರಾದರೆ, ಅದು ದಾಟಿ ಹೋಗುವವರೆಗೆ ಕಾಯಿರಿ. ಹಿಂಬದಿಯ ಎರಡೂ ಮಗ್ಗುಲಲ್ಲಿ ಮೂರು ಮೂರು ಕೆಂಪು ಪಟ್ಟಿಯ ದೀಪಗಳಿರುತ್ತವೆ. 1964ರ ಕಾರಿನಲ್ಲಿದ್ದ ಗುರುತು ಅದೇ.