ಮೊಸರಿನೊಳಗಿನ ಕನ್ನಡಿ ಬಿಂಬ

ಕೊಪ್ಪಳ ಜಿಲ್ಲೆಯ ತಳಕಲ್ ಕಡೆ ಊಟಕ್ಕೆ ಕೂತರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಗಟ್ಟಿ ಮೊಸರು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಆ ಮೊಸರಿನಲ್ಲಿ ಡಿ-ಅಲನಿನ್ ಎಂಬ ಅಮೈನೊ ಆಮ್ಲ ಹೆಚ್ಚುತ್ತದೆ. ಮೊಸರಿನ ಬ್ಯಾಕ್ಟೀರಿಯಾಗಳ ಕೋಶಗೋಡೆಯಲ್ಲಿ ಅದು ಇದ್ದೇ ಇರುತ್ತದೆ.

ಪ್ರೋಟೀನುಗಳನ್ನು ಕಟ್ಟುವ ಅಮೈನೊ ಆಮ್ಲಗಳಲ್ಲಿ ಗ್ಲೈಸಿನ್ ಬಿಟ್ಟು ಉಳಿದವಕ್ಕೆಲ್ಲ ಎಲ್, ಡಿ ಎಂಬ ಎರಡು ರೂಪ. ಒಂದು ಇನ್ನೊಂದರ ಕನ್ನಡಿ ಬಿಂಬ. ಜೀವಿಗಳು ಪ್ರೋಟೀನಿಗೆ ಆರಿಸಿಕೊಂಡದ್ದು ಎಲ್ ರೂಪವನ್ನು. ನಡುವೆ ಡಿ ಬಂದರೆ ಸರಪಳಿಯ ಆಕಾರವೇ ಬೇರೆ. ಎಲ್ ಮತ್ತು ಡಿ ಒಂದಾದ ಮೇಲೊಂದು ಬರುವ ಸರಪಳಿ ಹೇಗೆ ಸುರುಳಿಯಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್, ಆರ್. ಚಂದ್ರಶೇಖರನ್ 1972ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು.

ಆದರೆ ಈ ಎಲ್-ಡಿ ಜೋಡಿಯನ್ನು ಬೇರೆ ಮಾಡುವುದು ಸುಲಭವಲ್ಲ. ತೂಕ, ಕರಗುವ ಬಿಂದು ಎಲ್ಲವೂ ಒಂದೇ. ಚಪ್ಪಲಿ ಎಡದ್ದೋ ಬಲದ್ದೋ ಎಂದು ಕಾಲಿಗೆ ಹಾಕಿದಾಗ ತಿಳಿಯುವಂತೆ, ಇವುಗಳ ಭೇದವನ್ನೂ ಎಡ-ಬಲವುಳ್ಳ ಇನ್ನೊಂದು ಅಣುವೇ ಹಿಡಿಯಬೇಕು. ಇಸ್ರೇಲಿನ ವೈಜ್ಮನ್ ಸಂಸ್ಥೆಯ ಇಮ್ಯಾನುಯೆಲ್ ಗಿಲ್-ಆವ್ ಮತ್ತು ಸಂಗಡಿಗರು 1966ರಲ್ಲಿ, ಆವಿಯನ್ನು ಕೊಳವೆಯಲ್ಲಿ ಹಾಯಿಸಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಮಾಡಿದ್ದು ಇದನ್ನೇ. ಜರ್ಮನಿಯಲ್ಲಿ 1977ರಲ್ಲಿ ಸಿದ್ಧವಾದ 'ಕಿರಾಸಿಲ್-ವ್ಯಾಲ್' ಎಂಬ ಕೊಳವೆಯ ಒಳಲೇಪ ಈ ಕೆಲಸವನ್ನು ಪ್ರಯೋಗಾಲಯಗಳ ದಿನದ ಕೆಲಸವಾಗಿಸಿತು. ರಸಾಯನ ವಿಜ್ಞಾನಿ ಹ್ಯಾನ್ಸ್ ಬ್ರುಕ್ನರ್ ಇಂಥ ಲೇಪದ ಕೊಳವೆಗಳಿಂದಲೇ, ಅಂದರೆ ಕಾಲಮ್‌ಗಳಿಂದಲೇ, ಮೊಸರು, ಚೀಸ್‌ಗಳಲ್ಲಿನ ಡಿ ರೂಪಗಳನ್ನು ಅಳೆದವರು.

ಅಮೈನೊ ಆಮ್ಲವನ್ನು ಸುಮ್ಮನೆ ಕಾಯಿಸಿದರೆ ಆವಿಯಾಗದೆ ಕೆಟ್ಟುಹೋಗುತ್ತದೆ. ಹಾಗಾಗಿ ಮೊದಲು ಆಮ್ಲ ಬೆರೆಸಿದ ಐಸೊಪ್ರೊಪನಾಲ್‌ನೊಂದಿಗೆ, ಆಮೇಲೆ ಟ್ರೈಫ್ಲೋರೋಅಸೆಟಿಕ್ ಅನ್‌ಹೈಡ್ರೈಡ್‌ನೊಂದಿಗೆ ಕಾಯಿಸಿ, ಆವಿಯಾಗಬಲ್ಲ ರೂಪಕ್ಕೆ ತರುತ್ತಾರೆ. ಅದನ್ನು ಕಾಲು ಮಿಲಿಮೀಟರ್ ಒಳವ್ಯಾಸದ, ಸುಮಾರು 25 ಮೀಟರ್ ಉದ್ದದ ಸುರುಳಿ ಕೊಳವೆಗೆ ಬಿಡುತ್ತಾರೆ. ಒಳಗೋಡೆಗೆ ಎಲ್-ವ್ಯಾಲೀನ್ ಇರುವ ಲೇಪ. ಹೀಲಿಯಂ ತಳ್ಳುತ್ತಾ ಹೋದಂತೆ ಎಲ್ ರೂಪ ಲೇಪಕ್ಕೆ ಹೆಚ್ಚು ಅಂಟಿಕೊಂಡು ಹಿಂದುಳಿಯುತ್ತದೆ, ಡಿ ಮೊದಲು ಹೊರಬರುತ್ತದೆ. ಯಂತ್ರ ದಾಖಲಿಸುವ ಗೆರೆಯಲ್ಲಿ ಎರಡು ಶಿಖರ. ಡಿ-ವ್ಯಾಲೀನ್ ಲೇಪದ ಕಾಲಮ್ ಬಳಸಿದರೆ ಸರದಿ ತಿರುವುಮುರುವಾಗಬೇಕು. ಆಗ ಗುರುತು ಖಚಿತ.

ಎಚ್ಚರಿಕೆಯ ಮಾತೊಂದಿದೆ: ಪ್ರೋಟೀನನ್ನು ಅಮೈನೊ ಆಮ್ಲಗಳಾಗಿ ಒಡೆಯಲು ಬಿಸಿ ಆಮ್ಲದಲ್ಲಿ ಬೇಯಿಸುವಾಗಲೂ ಒಂದಷ್ಟು ಎಲ್ ಡಿಗೆ ತಿರುಗುತ್ತದೆ. ಆ ಲೆಕ್ಕ ಕಳೆಯದೆ ಕೊಟ್ಟ ಅಂಕಿ ನಂಬಿಕೆಗೆ ಅರ್ಹವಲ್ಲ.

ಮೊಸರು ಉಣ್ಣುವವರು ಡಿ ಎಂಬ ಅಕ್ಷರಕ್ಕೆ ಬೆದರಬೇಕಿಲ್ಲ. ಡಿ-ಅಮೈನೊ ಆಮ್ಲಗಳನ್ನು ಒಡೆಯುವ ಕಿಣ್ವ ನಮ್ಮ ಮೂತ್ರಪಿಂಡ, ಯಕೃತ್ತುಗಳಲ್ಲೇ ಇದೆ. ಜೀವರಸಾಯನ ವಿಜ್ಞಾನಿ ಹ್ಯಾನ್ಸ್ ಕ್ರೆಬ್ಸ್ 1935ರಲ್ಲೇ ಅದನ್ನು ಕಂಡುಹಿಡಿದಿದ್ದರು.